ನಾಲ್ಕು ಬೆರಳು ಹಿಮ

“ಗುರುಗಳೇ, ಮಾಡಿದ ತಪ್ಪೊಂದನ್ನು ಮನಸ್ಸಿನಿಂದ ಪೂರ್ತಿಯಾಗಿ ತೆಗೆದುಹಾಕುವುದು ಹೇಗೆ?” ಎಂದು ಶಿಷ್ಯ ಕೇಳಿದ. “ಮೂರು ವರ್ಷದಿಂದ ಜಪ ಮಾಡುತ್ತಿದ್ದೇನೆ. ಉಪವಾಸವನ್ನೂ ಮಾಡಿದೆ. ಅದು ಹೋಗುತ್ತಿಲ್ಲ.”

ಏನು ತಪ್ಪು ಎಂದು ಗುರುಗಳು ಕೇಳಲಿಲ್ಲ. ತಾವು ಉತ್ತರದ ಬೆಟ್ಟಗಳಲ್ಲಿ ತಿರುಗುತ್ತಿದ್ದ ಕಾಲದ ಒಂದು ಸಂಗತಿ ಹೇಳಿದರು.

ಹಿಮಾಲಯದ ಎತ್ತರದ ಕಣಿವೆಯೊಂದರಲ್ಲಿ ಅಂಗ್ರೂಪ್ ಎಂಬ ರೈತನಿದ್ದ. ಆಲೂಗಡ್ಡೆ ಬೆಳೆಯುತ್ತಿದ್ದ. ಅವನ ಹೆಂಡತಿ ಡೋಲ್ಕರ್. ಮಕ್ಕಳಿರಲಿಲ್ಲ. ಅವರ ಮನೆಯಿಂದ ಹೆದ್ದಾರಿಗೆ ಒಂದು ಕೂಗಳತೆ ದೂರ. ನಡುವೆ ಜಲ್ಲಿ ಹಾಕಿದ ದಾರಿ. ಆ ದಾರಿ ಸಮನಾಗಿರಲಿಲ್ಲ. ಎಲ್ಲೋ ಉಬ್ಬು, ಎಲ್ಲೋ ತಗ್ಗು.

ಅಲ್ಲಿ ವರ್ಷದಲ್ಲಿ ಐದು ತಿಂಗಳು ಹಿಮ ಬೀಳುತ್ತದೆ. ಅಂಗ್ರೂಪ್ ತನ್ನ ಟ್ರ್ಯಾಕ್ಟರಿನ ಮುಂದೆ ಅಗಲವಾದ ಕಬ್ಬಿಣದ ಬ್ಲೇಡು ಕಟ್ಟಿಸಿಕೊಂಡಿದ್ದ. ದಿನಾ ಬೆಳಿಗ್ಗೆ ಅದರಿಂದ ಹಿಮ ತಳ್ಳಿ ದಾರಿ ಮಾಡುತ್ತಿದ್ದ. ಬ್ಲೇಡು ಕಟ್ಟಿಕೊಟ್ಟ ಮೇಸ್ತ್ರಿ ಹೇಳಿದ್ದ: “ಇದನ್ನು ಎಂದೂ ನೆಲಕ್ಕೆ ಮುಟ್ಟಿಸಬೇಡ. ನಾಲ್ಕು ಬೆರಳು ಹಿಮ ಉಳಿಸು. ಅದು ಗಟ್ಟಿಯಾಗಿ ಕೂತರೆ ಗಾಲಿಗೆ ಹಿಡಿತ ಸಿಗುತ್ತದೆ. ನೆಲಕ್ಕೆ ಮುಟ್ಟಿಸಿದರೆ ಹಿಮದ ಜೊತೆ ದಾರಿಯೇ ಎದ್ದು ಹೋಗುತ್ತದೆ.” ಅಂಗ್ರೂಪ್ ಹಾಗೆಯೇ ಮಾಡುತ್ತಿದ್ದ.

ಒಂದು ಮಧ್ಯಾಹ್ನ ವಿಪರೀತ ಹಿಮ ಬೀಳುತ್ತಿತ್ತು. ಬೆಳಿಗ್ಗೆ ಮಾಡಿದ ದಾರಿ ಮತ್ತೆ ಮುಚ್ಚಿಹೋಗಿತ್ತು. ಅಂಗ್ರೂಪ್ ಟ್ರ್ಯಾಕ್ಟರನ್ನು ಒರೆಸಿ ಕೊಟ್ಟಿಗೆಯಲ್ಲಿ ನಿಲ್ಲಿಸಿ ಒಳಗೆ ಬಂದು ಒಲೆಯ ಮುಂದೆ ಕುಳಿತಿದ್ದ. ಆಗ ಹೆದ್ದಾರಿಯ ಕಡೆಯಿಂದ ಒಂದು ವಾಹನದ ಹಾರ್ನ್ ಕೇಳಿಸಿತು.

“ಯಾರೋ ಸಿಕ್ಕಿಕೊಂಡಿದ್ದಾರೆ. ಹೋಗಿ ನೋಡಿ ಬನ್ನಿ,” ಎಂದಳು ಡೋಲ್ಕರ್.

“ಹಿಮ ನಿಲ್ಲಲಿ,” ಎಂದ ಅಂಗ್ರೂಪ್.

ಹಾರ್ನ್ ಏಳು ಸಲ ಆಯಿತು. ಆಮೇಲೆ ನಿಂತಿತು. ಯಾರೋ ಬಂದು ಎಳೆದಿರಬೇಕು ಎಂದುಕೊಂಡು ಅವನು ಸಮಾಧಾನಪಟ್ಟ.

ಮರುದಿನ ಹಿಮ ನಿಂತಿತ್ತು. ಅವನು ದಾರಿ ಮಾಡಲು ಹೊರಟ. ಅರ್ಧ ದಾರಿಯಲ್ಲಿ ಬ್ಲೇಡಿಗೆ ಏನೋ ತಡೆಯಿತು. ಕಲ್ಲಿನ ಸದ್ದಲ್ಲ. ಸದ್ದೇ ಇಲ್ಲ. ಅವನು ಇಳಿದು ಕೈಯಿಂದ ಹಿಮ ಸರಿಸಿದ. ಒಬ್ಬ ಮನುಷ್ಯ ಮಂಡಿಯೂರಿ ಕುಳಿತಂತೆಯೇ ಸೆಟೆದು ಸತ್ತಿದ್ದ. ಮುಖ ಅಂಗ್ರೂಪನ ಮನೆಯ ಕಡೆಗಿತ್ತು. ಎಡಗಾಲಿನ ಬೂಟು ಇರಲಿಲ್ಲ. ಅವನು ಮೋತಿರಾಮ್ ಎಂಬ ಡ್ರೈವರ್, ಕೆಳಗಿನ ಕಣಿವೆಯವನು ಎಂದು ಆಮೇಲೆ ತಿಳಿಯಿತು.

ಪೊಲೀಸರು ಬಂದರು. “ನಿನ್ನೆ ಏನಾದರೂ ಸದ್ದು ಕೇಳಿಸಿತೇ?” ಎಂದು ವಿಚಾರಿಸಿದರು.

“ಇಲ್ಲ,” ಎಂದ ಅಂಗ್ರೂಪ್.

ಡೋಲ್ಕರ್ ಅವರಿಗೆ ಚಹಾ ತಂದಿದ್ದಳು. ಗಂಡನ ಮುಖ ನೋಡಿದಳು. ಲೋಟಗಳನ್ನು ಇಟ್ಟು ಒಳಗೆ ಹೋದಳು.

ಅದಾದ ಒಂಬತ್ತನೆಯ ದಿನ ಬೆಳಿಗ್ಗೆ ಅಂಗ್ರೂಪ್ ಬಾಗಿಲು ತೆರೆದ. ಹಿಂದಿನ ದಿನ ದಾರಿಯಲ್ಲಿ ಉಳಿಸಿದ್ದ ತೆಳು ಹಿಮದ ಮೇಲೆ ಹೆಜ್ಜೆಗಳು ಮೂಡಿದ್ದವು. ಅರ್ಧ ದಾರಿಯಲ್ಲಿ ಶುರುವಾಗಿ ಅವನ ಹೊಸ್ತಿಲವರೆಗೆ ಬಂದಿದ್ದವು. ಬಲಗಾಲಿನದು ಬೂಟಿನ ಗುರುತು. ಎಡಗಾಲಿನದು ಬರಿಗಾಲು, ಐದು ಬೆರಳುಗಳೂ ಸ್ಪಷ್ಟವಾಗಿದ್ದವು.

ಅವನು ಡೋಲ್ಕರಳನ್ನು ಕರೆಯಲಿಲ್ಲ. ಟ್ರ್ಯಾಕ್ಟರ್ ತಂದು, ಬ್ಲೇಡನ್ನು ಎರಡು ಬೆರಳು ಇಳಿಸಿ, ಗುರುತನ್ನೆಲ್ಲ ಹೆರೆದು ಹಾಕಿದ. ಮರುದಿನ ಉಳಿದ ಎರಡು ಬೆರಳು ಹಿಮದ ಮೇಲೆಯೂ ಹೆಜ್ಜೆಗಳಿದ್ದವು. ಅವನು ಬ್ಲೇಡನ್ನು ಜಲ್ಲಿಗೆ ತಾಗುವಷ್ಟು ಇಳಿಸಿದ. ಹಿಮವೇ ಉಳಿಯಲಿಲ್ಲ. ಗುರುತು ಬೀಳಲು ಜಾಗವಿಲ್ಲ ಎಂದುಕೊಂಡ.

ಆ ದಿನ ಹಗಲು, ಬಿಸಿಲಿರುವಾಗಲೇ, ಜಲ್ಲಿಯ ಮೇಲೆ ಯಾರೋ ನಡೆದು ಬರುವ ಸದ್ದು ಕೇಳಿಸಿತು. ಒಂದು ಹೆಜ್ಜೆ ಜೋರು, ಒಂದು ಹೆಜ್ಜೆ ಮೆತ್ತಗೆ. ಸದ್ದು ಬಾಗಿಲವರೆಗೆ ಬಂದು ನಿಂತಿತು. ಅಂಗ್ರೂಪ್ ಬಾಗಿಲು ತೆರೆದ. ಹೊರಗೆ ಬೆಳ್ಳಗಿನ ಬಯಲು. ಯಾರೂ ಇಲ್ಲ. ಒಳಗೆ ಡೋಲ್ಕರ್ ಹಿಟ್ಟು ನಾದುತ್ತಿದ್ದಳು. ಅವಳ ಕೈ ನಿಂತಿತ್ತು.

“ಯಾರು?” ಎಂದಳು.

“ಯಾರೂ ಇಲ್ಲ.”

ಅವಳು ಮತ್ತೆ ನಾದತೊಡಗಿದಳು.

ಮಾರನೆಯ ದಿನ ಅವನು ಬ್ಲೇಡನ್ನು ಇನ್ನೂ ಕೆಳಗಿಳಿಸಿದ. ಮೊದಲು ಉಬ್ಬುಗಳ ಜಲ್ಲಿ ಹೋಯಿತು. ತಗ್ಗುಗಳಲ್ಲಿ ಉಳಿದದ್ದನ್ನು ಹಿಂದೆ ಮುಂದೆ ಓಡಾಡಿಸಿ ಕೆರೆದ. ಕಬ್ಬಿಣದಿಂದ ಕಿಡಿ ಹಾರಿತು. ನಾಲ್ಕು ದಿನ ಅದೇ ಕೆಲಸ. ಅವನ ಅಜ್ಜ ಹೊಳೆಯಿಂದ ಹೊತ್ತು ತಂದು ಹಾಸಿದ್ದ ಜಲ್ಲಿಯೆಲ್ಲ ಹಿಮದ ಜೊತೆ ಬೆರೆತು ದಾರಿಯ ಎರಡೂ ಬದಿಗೆ ಗುಡ್ಡೆ ಬಿತ್ತು. ನಡುವೆ ಕಪ್ಪು ಮಣ್ಣು ಮಾತ್ರ ಉಳಿಯಿತು. ಮಣ್ಣು ಕಲ್ಲಿನಂತೆ ಹೆಪ್ಪುಗಟ್ಟಿತ್ತು. ಗುರುತೂ ಇಲ್ಲ, ಸದ್ದೂ ಇಲ್ಲ. ಎರಡು ತಿಂಗಳು ಅವನು ಚೆನ್ನಾಗಿ ನಿದ್ದೆ ಮಾಡಿದ.

ಫಾಲ್ಗುಣದಲ್ಲಿ ಬಿಸಿಲು ಏರಿತು. ದಾರಿಯ ಮಣ್ಣು ಕರಗಿ ಕೆಸರಾಯಿತು. ಅದೇ ವಾರ ಡೋಲ್ಕರಳಿಗೆ ಜ್ವರ ಬಂತು. ಮೂರನೆಯ ದಿನ ಉಸಿರು ಎಳೆಯಲು ಕಷ್ಟವಾಯಿತು. ಅಂಗ್ರೂಪ್ ಅವಳನ್ನು ಕಂಬಳಿಯಲ್ಲಿ ಸುತ್ತಿ ಟ್ರ್ಯಾಕ್ಟರಿನ ಮೇಲೆ ಕೂರಿಸಿಕೊಂಡು ಆಸ್ಪತ್ರೆಗೆ ಹೊರಟ. ಹತ್ತು ಮಾರು ಹೋಗುವಷ್ಟರಲ್ಲಿ ಗಾಲಿಗಳು ಹೂತವು. ಅವನು ಎಷ್ಟು ತಿರುಗಿಸಿದರೂ ಅವು ಇನ್ನೂ ಆಳಕ್ಕೆ ಇಳಿದವು. ಗಾಲಿಯ ಕೆಳಗೆ ಹಿಡಿತಕ್ಕೆ ಒಂದು ಕಲ್ಲೂ ಇರಲಿಲ್ಲ.

ಬೇರೆ ದಾರಿ ಕಾಣದೆ ಅವನು ಅವಳನ್ನು ಇಳಿಸಿಕೊಂಡ. ಅವಳು ಅವನ ಹೆಗಲು ಹಿಡಿದು ನಡೆದಳು. ಕೆಸರು ಕಣಕಾಲು ಮುಳುಗಿಸುತ್ತಿತ್ತು. ಅರ್ಧ ದಾರಿ ದಾಟಿ ಸ್ವಲ್ಪ ಮುಂದೆ ಹೋದ ಮೇಲೆ ಅವಳು ನಿಂತಳು.

“ಏಳು ಸಲ,” ಎಂದಳು. “ನಾನೂ ಎಣಿಸಿದ್ದೆ.”

ಅಂಗ್ರೂಪ್ ಅವಳ ಮೈಮೇಲಿಂದ ಜಾರುತ್ತಿದ್ದ ಕಂಬಳಿಯನ್ನು ಎಳೆದು ಹೊದಿಸಿದ.

“ನನಗೆ ಏನಾದರೂ ಆದರೆ ಅದನ್ನು ಎಣಿಸಿದವರು ನೀವೊಬ್ಬರೇ ಉಳಿಯುತ್ತೀರಿ.”

ಅವಳಿಗೆ ಉಸಿರು ತಿರುಗಲಿ ಎಂದು ಅವನು ಕಾದ. ಕಾಯುತ್ತ ಹಿಂದಕ್ಕೆ ನೋಡಿದ. ಕೆಸರಿನಲ್ಲಿ ಅವರಿಬ್ಬರ ಹೆಜ್ಜೆಗಳಿದ್ದವು. ಆ ಎರಡರ ನಡುವೆ, ಅವರ ಕಾಲ ಬುಡದವರೆಗೂ, ಇನ್ನೊಬ್ಬರ ಹೆಜ್ಜೆಗಳಿದ್ದವು. ಒಂದು ಬೂಟು, ಒಂದು ಬರಿಗಾಲು. ತೀರಾ ಹತ್ತಿರದ ಹೆಜ್ಜೆಯೊಳಗೆ ನೀರು ಆಗಷ್ಟೇ ಒಸರುತ್ತಿತ್ತು.

ಡೋಲ್ಕರಳೂ ನೋಡಿದಳು. ಅವನ ಹೆಗಲ ಮೇಲಿದ್ದ ಅವಳ ಕೈ ಬಿಗಿಯಾಯಿತು.

ಇಬ್ಬರೂ ಹೆದ್ದಾರಿ ಸೇರಿದರು. ಒಂದು ಲಾರಿ ನಿಲ್ಲಿಸಿತು. ಆಸ್ಪತ್ರೆಯಲ್ಲಿ ಆರು ದಿನ ಇದ್ದು ಡೋಲ್ಕರ್ ಚೇತರಿಸಿಕೊಂಡಳು. ಅವಳ ತಂಗಿ ಬಂದು ಪಕ್ಕದಲ್ಲಿ ಕೂತಳು. ಅಂಗ್ರೂಪ್ ಮನೆಗೆ ಹೋಗಲಿಲ್ಲ. ಬಸ್ಸು ಹತ್ತಿ ಮೋತಿರಾಮನ ಊರಿಗೆ ಹೋದ.

ಮೋತಿರಾಮನ ಹೆಂಡತಿ ಅಂಗಳದಲ್ಲಿ ಬಟ್ಟೆ ಹರವುತ್ತಿದ್ದಳು. ಅಂಗ್ರೂಪ್ ತಾನು ಯಾರೆಂದು ಹೇಳಿದ. ಹಾರ್ನ್ ಕೇಳಿಸಿದ್ದನ್ನು ಹೇಳಿದ. ಒಲೆಯ ಮುಂದಿನಿಂದ ಏಳದೆ ಇದ್ದುದನ್ನು ಹೇಳಿದ. ಪೊಲೀಸರಿಗೆ ಇಲ್ಲವೆಂದದ್ದನ್ನೂ ಹೇಳಿದ.

“ಗಾಡಿಯಲ್ಲೇ ನಿದ್ದೆ ಬಂದು, ನಿದ್ದೆಗಣ್ಣಲ್ಲಿ ಇಳಿದು ಬಿದ್ದಿರಬೇಕು, ನೋವು ತಿಳಿದಿರುವುದಿಲ್ಲ ಎಂದು ನಮಗೆ ಹೇಳಿದ್ದರು,” ಎಂದಳು ಅವಳು. “ಹಾಗಾದರೆ ಅವರು ಕರೆದಿದ್ದರು.”

“ಕರೆದಿದ್ದರು.”

“ನಿಮ್ಮ ಮನೆಯ ಕಡೆಗೆ ನಡೆದಿದ್ದರು.”

“ಹೌದು.”

ಅವಳು ಬೈಯಲಿಲ್ಲ. ಕ್ಷಮಿಸಿದೆ ಎನ್ನಲೂ ಇಲ್ಲ. ಕೈಯಲ್ಲಿದ್ದ ಬಟ್ಟೆಯನ್ನು ಹಿಂಡಿ, ಹರವಿ, ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಅಂಗ್ರೂಪ್ ಸಂಜೆಯವರೆಗೆ ಅಂಗಳದಲ್ಲಿ ನಿಂತಿದ್ದ. ಬಾಗಿಲು ತೆರೆಯಲಿಲ್ಲ. ಕೊನೆಯ ಬಸ್ಸಿಗೆ ಅವನು ಹಿಂದಿರುಗಿದ. ಮರುದಿನ ಠಾಣೆಗೆ ಹೋಗಿ ತನ್ನ ಹೇಳಿಕೆ ತಿದ್ದಿಸಿದ. ಆ ಬೇಸಿಗೆಯೆಲ್ಲ ಗಂಡ ಹೆಂಡತಿ ಇಬ್ಬರೂ ಬುಟ್ಟಿಯಲ್ಲಿ ಜಲ್ಲಿ ಹೊತ್ತು ದಾರಿಗೆ ಹಾಸಿದರು. “ಮುಂದಿನ ಚಳಿಗಾಲ ನಾನು ಅವರ ಮನೆಯಲ್ಲಿ ಉಳಿದಿದ್ದಾಗ ಅವನೇ ಇದನ್ನೆಲ್ಲ ಹೇಳಿದ,” ಎಂದು ಗುರುಗಳು ಮುಗಿಸಿದರು.



ಶಿಷ್ಯ ಕಾದು ಕಾದು ಕೇಳಿದ: “ಆ ಚಳಿಗಾಲದಲ್ಲಿ ಹೆಜ್ಜೆಗಳು ಬಂದವೇ, ಗುರುಗಳೇ? ನಿಂತವೇ?”

ಗುರುಗಳು ಅವನನ್ನೇ ನೋಡಿದರು.

“ನೀನು ಹೋಗಬೇಕಾದ ಊರು ಯಾವುದು?”