ಎರಡು ಪುಸ್ತಕ ಕೊರೆದ ಹುಳು

ಗ್ರಂಥಾಲಯದ ಒಂದೇ ಕಪಾಟಿನಲ್ಲಿ ಕಮ್ಯೂನಿಸಂ, ಫ್ಯಾಸಿಸಂ ಎಂಬ ಎರಡು ದಪ್ಪ ಪುಸ್ತಕಗಳಿದ್ದವು. ಎರಡಕ್ಕೂ ಎಣ್ಣೆ ಸೀಗೆಕಾಯಿ ಸಂಬಂಧ. ಮೈಗೆ ಮೈ ತಾಗದಂತೆ ನಿಲ್ಲುತ್ತಿದ್ದವು. ಓದುಗರು ಮೊದಲ ಅಧ್ಯಾಯ ಓದಿ ಮರಳಿ ಇಟ್ಟುಬಿಡುತ್ತಿದ್ದರು. ಪುಸ್ತಕದ ಹುಳುವೊಂದು ಮಾತ್ರ ತನ್ನ ಕುಲದ ಪದ್ಧತಿಯಂತೆ ಎರಡನ್ನೂ ರಟ್ಟಿನಿಂದ ರಟ್ಟಿಗೆ ಕೊರೆದು ಮುಗಿಸಿ, ನಡುವಿನ ಸಂದಿಯಲ್ಲಿ ಬಂದು ಕುಳಿತಿತು.

"ನಮ್ಮಲ್ಲಿ ಯಾರು ಸರಿ, ನೀನೇ ಹೇಳು" ಎಂದವು ಪುಸ್ತಕಗಳು.

"ಮುನ್ನುಡಿಗಳು ಬೇರೆ ಬೇರೆ" ಎಂದಿತು ಹುಳು. "ಒಂದರಲ್ಲಿ ಬಡವರ ಹಸಿವಿನ ಮಾತಿತ್ತು, ಇನ್ನೊಂದರಲ್ಲಿ ಜನಾಂಗದ ಹೆಮ್ಮೆಯ ಮಾತು. ಆದರೆ ಕೊನೆಯ ಅಧ್ಯಾಯಕ್ಕೆ ಬಂದಾಗ ಎರಡರಲ್ಲೂ ಪ್ರಶ್ನೆ ಕೇಳಿದವನು ಜೈಲಿನಲ್ಲಿದ್ದ."

"ಸುಳ್ಳು!" ಎಂದು ಎರಡೂ ಒಟ್ಟಿಗೆ ಕೂಗಿದವು. ಆಮೇಲೆ, ಜನ್ಮದಲ್ಲೇ ಮೊದಲ ಸಲ, ಒಂದಕ್ಕೊಂದು ಬಲವಾಗಿ ಒತ್ತಿಕೊಂಡು ನಿಂತವು.

ಹುಳು ಇನ್ನೂ ನಡುವೆಯೇ ಇತ್ತು.