ಮರಳು ನೀರಿಗೆ ಮನೆ ಕೊಟ್ಟ ದಿನ

ಲೋಕ ಇನ್ನೂ ಹೊಸದಾಗಿತ್ತು. ಬೆಟ್ಟಗಳಿಗೆ ಹೆಸರಿರಲಿಲ್ಲ. ಹೊಳೆಗಳು ಇನ್ನೂ ದಾರಿ ಹುಡುಕುತ್ತಿದ್ದವು. ಆಗ ಮರಳು ಇರಲಿಲ್ಲ. ಒಂದು ದೊಡ್ಡ ಬಂಡೆ ಇತ್ತು.

ಬಂಡೆಯ ಮೇಲೆ ನೀರು ಹರಿಯಿತು. ಒಂದು ದಿನ ಹರಿಯಿತು, ಏನೂ ಆಗಲಿಲ್ಲ. ಒಂದು ವರ್ಷ ಹರಿಯಿತು, ಏನೂ ಆಗಲಿಲ್ಲ. ಸಾವಿರಾರು ವರ್ಷ ಹರಿಯಿತು. ಬಂಡೆ ಒಡೆದು ಕಲ್ಲಾಯಿತು. ಕಲ್ಲು ಸವೆದು ಹರಳಾಯಿತು. ಹರಳು ಸವೆದು ಮರಳಾಯಿತು.

ಮರಳು ಅದನ್ನು ಮರೆಯಲಿಲ್ಲ.

"ನಾನು ಒಂದಾಗಿದ್ದೆ. ನನ್ನನ್ನು ಹೀಗೆ ಚೂರು ಮಾಡಿದವಳು ನೀನು" ಎಂದಿತು.

"ಬೇಕಂತ ಮಾಡಲಿಲ್ಲಪ್ಪ. ನನಗೆ ಹರಿಯೋದೊಂದೇ ಗೊತ್ತು" ಎಂದಿತು ನೀರು.

"ಹಾಗಾದರೆ ಹರಿದು ಹೋಗು. ನನ್ನ ಹತ್ತಿರ ನಿಲ್ಲಬೇಡ."

ಅಂದಿನಿಂದ ಇಬ್ಬರಿಗೂ ಮಾತಿಲ್ಲ. ಮಳೆಗಾಲದಲ್ಲಿ ನೀರು ಮರಳಿನ ಮೇಲೇ ಓಡಿಹೋಗುತ್ತಿತ್ತು. ಮರಳು ಒಂದು ಹನಿಯನ್ನೂ ಒಳಗೆ ಬಿಡುತ್ತಿರಲಿಲ್ಲ. ಬೇಸಿಗೆಯಲ್ಲಿ ಹೊಳೆಯ ಮರಳು ಮೇಲೆಯೂ ಒಣ, ಮೊಳದ ಆಳದಲ್ಲೂ ಒಣ, ಆಳುದ್ದ ತೋಡಿದರೂ ಒಣ. ಒಂದು ಕಣ ಪಕ್ಕದ ಕಣದ ಕೈ ಹಿಡಿಯುತ್ತಿರಲಿಲ್ಲ. ಅಷ್ಟೊಂದು ಕಣಗಳಿದ್ದರೂ ಪ್ರತಿಯೊಂದೂ ಒಂಟಿ.

ಆ ಹೊಳೆಯ ದಂಡೆಯಲ್ಲಿ ಏಳು ಗುಡಿಸಲುಗಳಿದ್ದವು. ಅಲ್ಲಿಯ ಜನ ನೀರಿನ ಹಿಂದೆ ನಡೆಯುವವರು. ಬೇಸಿಗೆ ಬಂತೆಂದರೆ ಹೊಳೆ ಬತ್ತಿ ಹೊಂಡಗಳಾಗುತ್ತಿತ್ತು. ಹೊಂಡಗಳೂ ಒಂದೊಂದಾಗಿ ಬತ್ತುತ್ತಿದ್ದವು. ಕೊನೆಗೆ ಒಂದು ಹೊಂಡ ಉಳಿದಾಗ, ಹಿರಿಯನಾದ ಗುಡ್ಡಜ್ಜ ತನ್ನ ಚಾಪೆಯನ್ನು ತಂದು ಅದರ ಪಕ್ಕ ಹಾಸುತ್ತಿದ್ದ. ಹೊಂಡ ಚಾಪೆಗಿಂತ ದೊಡ್ಡದಿದ್ದರೆ ಇರುವುದು. ಚಾಪೆಯಷ್ಟೇ ಆದರೆ ಮರುದಿನ ಬೆಳಗ್ಗೆ ಹೊರಡುವುದು. ಅದು ಅವರ ಪದ್ಧತಿ.

ಆ ವರ್ಷ ಗುಡ್ಡಜ್ಜ ಬೆಳಗ್ಗೆ ಚಾಪೆ ಹಾಸಿದ. ಸುತ್ತ ನಡೆದು ನೋಡಿದ.

"ಸರಿಯಾಗಿ ಚಾಪೆಯಷ್ಟಾಗಿದೆ. ನಾಳೆ ಹೊರಡಬೇಕು" ಎಂದ.

ಏಳು ವರ್ಷದ ದ್ಯಾವಿ ಅಲ್ಲೇ ನಿಂತಿದ್ದಳು. ಅವಳ ಅವ್ವ ಹೆತ್ತು ನಾಲ್ಕು ದಿನವಾಗಿತ್ತು. ತಮ್ಮನಿಗೆ ಇನ್ನೂ ಹೆಸರಿಟ್ಟಿರಲಿಲ್ಲ. ಅಪ್ಪ ಮುಂದಿನ ನೀರಿನ ಜಾಗ ನೋಡಿಬರಲು ಹೋಗಿದ್ದ.

"ಅಜ್ಜ, ನಮ್ಮವ್ವನಿಗೆ ನಡೆಯೋಕೆ ಆಗೋದಿಲ್ಲ."

"ಹೊತ್ಕೊಂಡು ಹೋಗೋಣವ್ವ."

ಸೂಲಗಿತ್ತಿ ಸಂಕವ್ವ ತಲೆ ಅಲ್ಲಾಡಿಸಿದಳು. "ಮೂರು ದಿನದ ದಾರಿ, ಬರೀ ಕಲ್ಲು. ಈ ಬಾಣಂತಿ ಮೈ ಹತ್ತು ದಿನ ಅಲುಗಬಾರದು. ಹೊತ್ತರೂ ಅಷ್ಟೇ, ನಡೆಸಿದರೂ ಅಷ್ಟೇ."

"ನಾನು ಅವ್ವನ ಜೊತೆ ಇಲ್ಲೇ ಇರ್ತೀನಿ" ಎಂದಳು ದ್ಯಾವಿ.

"ಇದ್ದು ಕುಡಿಯೋದೇನು?" ಎಂದ ಗುಡ್ಡಜ್ಜ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ.

ಆಗ ದಿನಕ್ಕೆ ತಲೆಗೆ ನಾಲ್ಕು ಚಿಪ್ಪು ನೀರು. ಹೊಳೆಯಲ್ಲಿ ಸಿಗುವ ಕಪ್ಪೆಚಿಪ್ಪೇ ಅಳತೆ. ದ್ಯಾವಿ ತನ್ನ ನಾಲ್ಕು ಚಿಪ್ಪು ನೀರನ್ನು ಸೋರೆಬುರುಡೆಯಲ್ಲಿ ಹಿಡಿದುಕೊಂಡು ಹೊಂಡದ ಹತ್ತಿರ ಕುಳಿತಳು.

"ನೀರವ್ವ, ಹತ್ತು ದಿನ ನಿಲ್ಲು" ಎಂದಳು.

"ನಿಲ್ಲು ಅಂತೀಯಲ್ಲ ಮಗಳೇ, ಎಲ್ಲಿ ನಿಲ್ಲಲಿ? ಮೇಲಿಂದ ಸೂರ್ಯ ಹೀರ್ತಾನೆ. ದೂರದಿಂದ ಸಮುದ್ರ ಕರೀತದೆ. ನೆರಳಿರೋ ಒಂದು ಮನೆ ಇದ್ದಿದ್ದರೆ ನಿಲ್ಲುತ್ತಿದ್ದೆ."

"ಮರಳಿನ ಒಳಗೆ ನೆರಳಿದೆಯಲ್ಲ?"

"ಇದೆ. ನೀನೇ ಕೇಳಿ ನೋಡು. ನಾನು ಕೇಳಿದರೆ ಅವನು ಮುಖ ತಿರುಗಿಸ್ತಾನೆ."

ದ್ಯಾವಿ ಹತ್ತು ಹೆಜ್ಜೆ ನಡೆದು ಒಣಮರಳಿನಲ್ಲಿ ಕುಳಿತಳು. ಮರಳು ಕಾದಿತ್ತು.

"ಮರಳಪ್ಪ, ನೀರಿಗೆ ಸ್ವಲ್ಪ ಜಾಗ ಕೊಡ್ತೀಯಾ?"

"ಅವಳ ವಿಷಯ ಬಿಟ್ಟು ಬೇರೆ ಏನಾದರೂ ಕೇಳು."

ದ್ಯಾವಿ ಒಂದು ಹಿಡಿ ಮರಳು ಎತ್ತಿ ಬೆರಳ ಸಂದಿಯಿಂದ ಸುರಿದಳು.

"ಹಾಗಾದರೆ ನಮ್ಮ ತಮ್ಮನಿಗೆ ಒಂದು ಮನೆ ಕಟ್ಟಿಕೊಡು. ಆಟದ ಮನೆ."

"ಅದೂ ಆಗೋದಿಲ್ಲ ಮಗು. ಕಟ್ಟಬೇಕಾದರೆ ಒಬ್ಬರನ್ನೊಬ್ಬರು ಹಿಡಿದುಕೊಳ್ಳಬೇಕು. ನಾವು ಹಿಡಿಯೋದು ಮರೆತಿದ್ದೀವಿ."

"ನಾನು ಹೇಳಿಕೊಡ್ತೀನಿ ಬಿಡು."

ಅವಳು ಬಲಗಾಲನ್ನು ಚಾಚಿ, ಪಾದದ ಮೇಲೆ ಮರಳು ಗುಡ್ಡೆ ಹಾಕಿ, ಅಂಗೈಯಿಂದ ತಟ್ಟಿದಳು. ಮೆಲ್ಲಗೆ ಕಾಲು ಹೊರಗೆಳೆದಳು. ಮರಳು ಜರ್ರನೆ ಜಾರಿತು. ಮತ್ತೊಮ್ಮೆ ಮಾಡಿದಳು. ಮತ್ತೆ ಜಾರಿತು. ಮೂರನೆಯ ಸಲವೂ ಅಷ್ಟೇ.

ಅತ್ತ ಹೋಗುತ್ತಿದ್ದ ಗಾಳಿ ನಿಂತು ನೋಡಿತು. "ಏನೇ ದ್ಯಾವಿ, ಮರಳಿಗೆ ಪಾಠ ಹೇಳ್ತಿದ್ದೀಯಾ? ನನ್ನ ತಾತನ ಕಾಲದಿಂದಲೂ ಇದು ದಡ್ಡ" ಎಂದಿತು.

"ನಿನಗೆ ಒಂದು ಕಡೆ ಕೂರೋಕೆ ಬರೋದಿಲ್ಲ. ನೀನು ಜಾಣನಾ?" ಎಂದಳು ದ್ಯಾವಿ. ಗಾಳಿ ಹೋಗಲಿಲ್ಲ. ಮುಂದೇನಾಗುತ್ತದೆ ನೋಡಬೇಕಿತ್ತು.

ದ್ಯಾವಿ ತನ್ನ ಅವ್ವನನ್ನು ನೆನೆದಳು. ಹಿಟ್ಟು ಕೈಯಲ್ಲಿ ನಿಲ್ಲದೆ ಉದುರಿದರೆ ಅವ್ವ ಏನು ಮಾಡುತ್ತಾಳೆ? ನೀರು ಹಾಕುತ್ತಾಳೆ. ದ್ಯಾವಿ ಬುರುಡೆ ಬಗ್ಗಿಸಿದಳು. ಅವಸರದಲ್ಲಿ ಮೂರು ಚಿಪ್ಪಿನಷ್ಟು ನೀರು ಒಟ್ಟಿಗೇ ಸುರಿದುಹೋಯಿತು.

ಮರಳು ಗಂಜಿಯಂತಾಗಿ ಅವಳ ಪಾದದ ಮೇಲಿಂದ ಹರಿದುಹೋಯಿತು.

ಬುರುಡೆಯ ತಳದಲ್ಲಿ ಒಂದು ಚಿಪ್ಪು ನೀರು ಉಳಿದಿತ್ತು. ನಾಳೆಯವರೆಗೆ ಅವಳಿಗೆ ಕುಡಿಯಲು ಇದ್ದದ್ದು ಅಷ್ಟೇ. ನಾಲಿಗೆ ಒಣಗಿತ್ತು. ಅವಳು ಬುರುಡೆಯನ್ನು ತುಟಿಯವರೆಗೆ ತಂದಳು. ಆಗ ನೆನಪಾಯಿತು. ಅವ್ವ ಹಿಟ್ಟಿಗೆ ನೀರು ಸುರಿಯುವುದಿಲ್ಲ. ಚಿಮುಕಿಸುತ್ತಾಳೆ. ಚಿಮುಕಿಸಿ, ಕಲಸಿ, ನೋಡಿ, ಮತ್ತೆ ಚಿಮುಕಿಸುತ್ತಾಳೆ.

ದ್ಯಾವಿ ಬುರುಡೆಯನ್ನು ಕೆಳಗಿಳಿಸಿ, ಬೆರಳು ಅದ್ದಿ ಬೇರೆ ಕಡೆಯ ಒಣಮರಳಿಗೆ ಚಿಮುಕಿಸಿದಳು.

"ಏಯ್, ಮತ್ತೆ ಅವಳನ್ನೇ ತರ್ತೀಯಾ?" ಎಂದಿತು ಮರಳು.

"ಒಂದು ಚೂರು ಸುಮ್ಮನಿರು ಮರಳಪ್ಪ."

ಚಿಮುಕಿಸಿದಳು. ಕಲಸಿದಳು. ಮುಷ್ಟಿಯಲ್ಲಿ ಹಿಡಿದು ನೋಡಿದಳು. ಮತ್ತೆ ಚಿಮುಕಿಸಿದಳು. ಬುರುಡೆ ಬರಿದಾಯಿತು. ಪಾದದ ಮೇಲೆ ಮರಳಿಟ್ಟು ತಟ್ಟಿದಳು. ಹತ್ತು ಎಣಿಸಿದಳು. ಮೊದಲು ಹಿಮ್ಮಡಿ, ಆಮೇಲೆ ಪಾದ, ಕೊನೆಗೆ ಬೆರಳು. ಉಸಿರು ಬಿಡದೆ ಹೊರಗೆಳೆದಳು.

ಗೂಡು ನಿಂತಿತು.

ಬಾಗಿಲಿತ್ತು. ಮೇಲೆ ಸೂರಿತ್ತು. ಒಳಗೆ ಪಾದದಷ್ಟು ತಂಪು ಕತ್ತಲೆಯಿತ್ತು. ಗಾಳಿ ಬಾಗಿ ಇಣುಕಿತು.

ಆಗ ಮರಳು ಕೇಳಿತು. "ದ್ಯಾವಿ, ನನ್ನನ್ನು ಯಾರೋ ಹಿಡಿದುಕೊಂಡಿದ್ದಾರೆ. ಯಾರದು?"

"ನೀರು. ನಿನ್ನ ಒಂದು ಕಣಕ್ಕೂ ಇನ್ನೊಂದು ಕಣಕ್ಕೂ ನಡುವೆ ಕೂತಿದೆ. ಈ ಕಡೆಯದನ್ನೂ ಹಿಡಿದಿದೆ, ಆ ಕಡೆಯದನ್ನೂ ಹಿಡಿದಿದೆ."

"ಬಂಡೆಯಾಗಿದ್ದಾಗ ನನಗೆ ಹೀಗೇ ಇತ್ತು" ಎಂದಿತು ಮರಳು. ಆಮೇಲೆ ಮೆಲ್ಲಗೆ, "ಅವಳಿಗೆ ಬರೋಕೆ ಹೇಳ್ತೀಯಾ?"

"ನೀನೇ ಹೇಳು. ಹತ್ತು ಹೆಜ್ಜೆ ದೂರದಲ್ಲಿದ್ದಾಳೆ."

"ಸಾವಿರ ವರ್ಷದಿಂದ ಮಾತಿಲ್ಲ. ಏನಂತ ಶುರು ಮಾಡಲಿ?"

"ಬಾ ಅನ್ನು. ನಮ್ಮ ಮನೇಲಿ ಯಾರಾದರೂ ಬಂದರೆ ಅಷ್ಟೇ ಅಂತೀವಿ."

ಮರಳು ಹೊಂಡದ ಕಡೆಗೆ, "ಬಾ" ಎಂದಿತು.

ಹೊಂಡದ ನೀರು ಕದಲಿತು. "ಒಳಗೆ ಕರೆದ ಮೇಲೆ ಹೊರಗೆ ಹಾಕಬಾರದು" ಎಂದಿತು.

"ಹಾಕೋದಿಲ್ಲ. ನೀನೂ ನನ್ನನ್ನು ಬಿಟ್ಟುಬಿಡಬಾರದು."

"ಸುಳ್ಳು ಹೇಳೋದಿಲ್ಲ. ನಾನು ಸ್ವಲ್ಪ ಇದ್ದಾಗ ನಿನ್ನನ್ನು ಹಿಡಿದುಕೊಂಡಿರ್ತೀನಿ. ತುಂಬಿ ಬಂದರೆ ಕೊಚ್ಚಿಕೊಂಡು ಹೋಗ್ತೀನಿ. ಸೂರ್ಯ ಎಳೆದುಕೊಂಡು ಹೋದರೆ ಬಿಟ್ಟುಹೋಗ್ತೀನಿ. ಆದರೆ ಮತ್ತೆ ಬರ್ತೀನಿ. ಆಗಬಹುದಾ?"

ಮರಳು ಯೋಚಿಸಿತು. "ಆಗಬಹುದು" ಎಂದಿತು.

ನೀರು ಸದ್ದಿಲ್ಲದೆ ಮರಳಿನೊಳಗೆ ಇಳಿಯಿತು. ಗಾಳಿ ಈ ಸುದ್ದಿಯನ್ನು ಹೊತ್ತು ಹೊಳೆಯ ಮೇಲ್ಗಡೆಗೆ ಓಡಿತು. ಅಲ್ಲಲ್ಲಿ ಕಲ್ಲುಸಂದಿಯಲ್ಲಿ ಉಳಿದಿದ್ದ ನೀರೆಲ್ಲ ಕೇಳಿಸಿಕೊಂಡು, ಮರಳಿನ ಕೆಳಗೇ ನಡೆದು ಬಂತು.

ಸಂಜೆ ಗುಡ್ಡಜ್ಜ ಹೊಂಡದ ಹತ್ತಿರ ಬಂದ. ಚಾಪೆ ಇತ್ತು. ಹೊಂಡ ಇರಲಿಲ್ಲ.

"ನಾಳೆ ಅಂದಿದ್ದೆ. ಇವತ್ತೇ ಹೋಯ್ತಲ್ಲ" ಎಂದು ಕೂಗಿದ. ಏಳು ಗುಡಿಸಲಿನ ಜನ ಓಡಿಬಂದರು. ದಾರಿಗೆಂದು ಯಾರೂ ಇನ್ನೂ ನೀರು ತುಂಬಿಕೊಂಡಿರಲಿಲ್ಲ. ಸಂಕವ್ವ ದ್ಯಾವಿಯ ತೋಳು ಹಿಡಿದಳು. "ಬೆಳಗ್ಗೆಯಿಂದ ಇಲ್ಲೇ ನೀರು ಚೆಲ್ಲಿ ಆಡ್ತಿದ್ದೆಯಲ್ಲ, ಏನು ಮಾಡಿದೆ?"

"ಏನೂ ಮಾಡಿಲ್ಲ ಸಂಕವ್ವ. ನೀರು ಮನೆಗೆ ಹೋಯ್ತು."

"ಯಾರ ಮನೆಗೆ?"

ದ್ಯಾವಿ ಚಿಪ್ಪು ತೆಗೆದುಕೊಂಡು ತೋಡತೊಡಗಿದಳು. ಮಣಿಕಟ್ಟಿನ ಆಳದಲ್ಲಿ ಒಣಮರಳು. ಒಬ್ಬರು ಗೊಣಗಿದರು. ಮೊಳಕೈ ಆಳದಲ್ಲಿ ಮರಳು ಕಪ್ಪಾಯಿತು, ತಣ್ಣಗಾಯಿತು. ಗೊಣಗಾಟ ನಿಂತಿತು. ಹೆಗಲಿನ ಆಳದಲ್ಲಿ ಗುಂಡಿಯ ಗೋಡೆಯಿಂದ ಒಂದು ಹನಿ ಜಾರಿತು. ಇನ್ನೊಂದು ಜಾರಿತು. ತಳದಲ್ಲಿ ಕೆಂಪು ಬಗ್ಗಡ ಮೆಲ್ಲಗೆ ತುಂಬಿಕೊಂಡಿತು.

ಗುಡ್ಡಜ್ಜ ಕೈ ಚಾಚಿದ. ದ್ಯಾವಿ ತಡೆದಳು. ಮೂರು ಚಿಪ್ಪು ಬಗ್ಗಡ ಮೊಗೆದು ಪಕ್ಕದ ಮರಳಿಗೆ ಹಾಕಿದಳು.

"ಅದ್ಯಾಕೆ?"

"ಮೊದಲ ಮೂರು ಚಿಪ್ಪು ಮರಳಪ್ಪನದು. ಬೆಳಗ್ಗೆಯೂ ಮೂರು ಕುಡಿದ."

ನಾಲ್ಕನೆಯ ಚಿಪ್ಪಿಗೆ ನೀರು ತಿಳಿಯಾಗಿತ್ತು. ದ್ಯಾವಿ ಅದನ್ನು ಒಂದು ಹನಿಯೂ ತುಳುಕದಂತೆ ಗುಡಿಸಲಿಗೆ ಒಯ್ದಳು. ಅವ್ವ ಕುಡಿದಳು. ಮಗು ಅವಳ ಎದೆಯಲ್ಲಿ ನಿದ್ದೆ ಹೋಗಿತ್ತು.

"ಎಲ್ಲಿಂದ ತಂದೆ ಮಗಾ? ಇಷ್ಟು ತಣ್ಣಗಿದೆ" ಎಂದಳು ಅವ್ವ.

"ಮರಳಪ್ಪನ ಮನೆಯಿಂದ. ನಾವು ನಾಳೆ ಹೋಗೋದಿಲ್ಲವ್ವ."

ಹೊರಗೆ ಗುಡ್ಡಜ್ಜ ಚಾಪೆಯ ಮರಳು ಕೊಡವಿ, ಗುಡಿಸಲಿನ ಮುಂದೆ ಹಾಸಿ, ಮೇಲೆ ಕುಳಿತುಕೊಂಡ. "ಇಷ್ಟು ವರ್ಷ ನೀರು ಅಳೆದು ಅಳೆದು ಇದಕ್ಕೂ ಸಾಕಾಗಿದೆ. ಇನ್ನು ಕೂರೋಕೆ ಇರಲಿ" ಎಂದ.

ಆ ಬೇಸಿಗೆ ಜನ ಮೊದಲ ಸಲ ಒಂದೇ ಕಡೆ ಉಳಿದರು. ತೋಡಿದ ಗುಂಡಿಗೆ ಒರತೆ ಎಂದು ಹೆಸರಿಟ್ಟರು. ಉಳಿದದ್ದರಿಂದ ಗೋಡೆ ಬೇಕಾಯಿತು, ಗೋಡೆಗೆ ಮರಳನ್ನೂ ನೀರನ್ನೂ ಮಣ್ಣಿನಲ್ಲಿ ಕಲಸಿದರು. ಎಷ್ಟೋ ಕಾಲದ ಮೇಲೆ ಅಕ್ಷರ ಹುಟ್ಟಿದಾಗ, ಮಕ್ಕಳ ಬೆರಳು ಹಿಡಿದು ಮೊದಲು ತಿದ್ದಿಸಿದ್ದೂ ಮರಳಿನ ಮೇಲೆಯೇ.

ಹತ್ತು ದಿನ ಕಳೆಯಿತು. ಅಪ್ಪನೂ ಹಿಂತಿರುಗಿದ್ದ. ಅವ್ವ ಎದ್ದು, ಮಗುವನ್ನು ಎತ್ತಿಕೊಂಡು, ದ್ಯಾವಿಯ ಹಿಂದೆ ಹೊಳೆಗೆ ಬಂದಳು. ತಮ್ಮನಿಗೆ ಅವನ ಮನೆ ತೋರಿಸಬೇಕಿತ್ತು.

ಗೂಡು ಇದ್ದ ಜಾಗದಲ್ಲಿ ಒಂದು ಸಣ್ಣ ದಿಬ್ಬ ಮಾತ್ರ ಇತ್ತು.

"ಬಿದ್ದುಹೋಯ್ತು" ಎಂದಳು ದ್ಯಾವಿ.

"ಮೇಲಿದ್ದ ನೀರನ್ನು ಸೂರ್ಯ ಕರಕೊಂಡು ಹೋದ. ಅವಳಿಲ್ಲದೆ ನನಗೆ ಹಿಡಿಯೋಕೆ ಬರೋದಿಲ್ಲ" ಎಂದಿತು ಮರಳು. "ಅಳಬೇಡ. ಕೆಳಗಿದ್ದಾಳೆ. ತೋಡು."

ದ್ಯಾವಿ ಮೊಳಕೈ ಆಳ ತೋಡಿ ತಂಪು ಮರಳು ತೆಗೆದಳು. ಈ ಸಲ ಅವ್ವ ಮಗುವಿನ ಪಾದವನ್ನು ಇಳಿಬಿಟ್ಟಳು. ದ್ಯಾವಿ ಅದರ ಮೇಲೆ ಮರಳಿಟ್ಟು, ಎರಡು ಬೆರಳಿನಿಂದ ತಟ್ಟಿದಳು. ಮಗು ಕಾಲು ಎಳೆದುಕೊಂಡಿತು. ಹೆಬ್ಬೆರಳು ಹಿಡಿಸುವಷ್ಟು ಪುಟ್ಟ ಗೂಡು ಅಲ್ಲಿ ಉಳಿಯಿತು.

ಅದಕ್ಕೇ ಇವತ್ತಿಗೂ ನೀನು ಒಣಮರಳಿನಲ್ಲಿ ಕಟ್ಟಿದ ಗುಬ್ಬಚ್ಚಿ ಗೂಡು ಜಾರಿಹೋಗುತ್ತದೆ, ಒದ್ದೆ ಮರಳಿನಲ್ಲಿ ಕಟ್ಟಿದ್ದು ನಿಲ್ಲುತ್ತದೆ, ನಿಂತದ್ದೂ ಬಿಸಿಲು ಏರಿದಾಗ ಉದುರುತ್ತದೆ. ಆಗ ಅಳದೆ ಮೊಳಕೈ ಆಳ ತೋಡಿ ನೋಡು, ಹೊಳೆ ಬತ್ತಿದ್ದರೂ ನಿನ್ನ ಬೆರಳಿಗೆ ತಣ್ಣಗೆ ತಾಗುವುದು ಮರಳಿನ ಮನೆಯಲ್ಲಿರುವ ಅದೇ ನೀರು.