ಉಡವನ್ನು ಆರಿಸಿದ ಮುಂಗುಸಿ

ಬೇಸಿಗೆಯಲ್ಲಿ ಕೆರೆಯ ನೀರು ಯಾರಿಗೆಂಬುದನ್ನು ಕಬಡ್ಡಿ ಆಡಿ ತೀರ್ಮಾನಿಸುವುದು ಆ ಕಾಡಿನ ಪದ್ಧತಿ. ನಾಯಕರಾದ ನರಿ ಮತ್ತು ಮುಂಗುಸಿ ಸರದಿಯಂತೆ ಆಟಗಾರರನ್ನು ಆರಿಸತೊಡಗಿದವು. ಓಟದ ಮೇಲೇ ಕಣ್ಣಿದ್ದ ನರಿ ಮೊದಲು ಜಿಂಕೆಯನ್ನು ಕರೆಯಿತು. ಮುಂಗುಸಿ ಉಡವನ್ನು ಕರೆಯಿತು.

“ಮುಂಗುಸಿಯಣ್ಣ, ಇದು ಕಬಡ್ಡಿ, ಗೋಡೆ ಹತ್ತುವ ಸ್ಪರ್ಧೆಯಲ್ಲ,” ಎನ್ನುತ್ತಾ ನರಿ ಮೊಲವನ್ನೂ ತನ್ನ ಕಡೆಗೆ ಎಳೆದುಕೊಂಡಿತು.

ಆಟ ಶುರುವಾಯಿತು. ಜಿಂಕೆ ಚಂಗನೆ ನುಗ್ಗಿ, ಮುಂಗುಸಿಯನ್ನು ಮುಟ್ಟಿ ಹಿಂದಿರುಗುವಾಗ ಉಡ ಅದರ ಕಾಲು ಹಿಡಿಯಿತು. “ಕಬಡ್ಡಿ, ಕಬಡ್ಡಿ” ಎನ್ನುತ್ತಿದ್ದ ಅದರ ಉಸಿರು ಮುಗಿದು ಔಟಾಗುವವರೆಗೂ ಬಿಡಲಿಲ್ಲ. ಮೊಲಕ್ಕೂ ಅದೇ ಗತಿಯಾಯಿತು. ಕೆರೆ ಮುಂಗುಸಿಯ ತಂಡದ ಪಾಲಾಯಿತು.

“ಆ ಉಡಕ್ಕೆ ನೆಟ್ಟಗೆ ಓಡೋಕೂ ಬರಲ್ಲವಲ್ಲ ಮಾರಾಯ,” ಎಂದು ನರಿ ಗೊಣಗಿತು.

“ಅದೇಕೆ ಓಡಬೇಕು?” ಎಂದಿತು ಮುಂಗುಸಿ. “ನಿಮ್ಮವರೇ ಓಡೋಡಿ ಅದರ ಹತ್ತಿರ ಬರುತ್ತಿದ್ದರಲ್ಲ.”